ಹಿಮ ಮುಗಿಯಿತು, ಜಲಪಾತ ಮುಗಿಯಲಿಲ್ಲ

ಹಾಲು ತರಲೆಂದು ಹೋದ ಗಂಡ ಹಾಲಿಲ್ಲದೆ, ಮೊಣಕಾಲವರೆಗೆ ಪ್ಯಾಂಟು ಒದ್ದೆ ಮಾಡಿಕೊಂಡು ಬಂದು, "ಜಲಪಾತ ಇದೆ, ಎಲ್ಲರೂ ಹೊರಡಿ" ಅಂದರೆ ನೀವೇನು ಮಾಡುತ್ತೀರಿ?

ನಾನು, ಹಾಲೆಲ್ಲಿ ಅಂತ ಕೇಳಿದೆ.

(ಸಂಸಾರ ಹಳತಾದಷ್ಟೂ ಪ್ರಶ್ನೆಗಳು ಮುಖ್ಯವಾದದ್ದರಿಂದಲೇ ಶುರುವಾಗುತ್ತವೆ.)

ನನ್ನದು ತಪ್ಪಲ್ಲ ಬಿಡಿ. ನಾವಿರುವುದು ಲಿಯಾಂಡರ್‌ನಲ್ಲಿ. ಆಸ್ಟಿನ್‌ನಿಂದ ಉತ್ತರಕ್ಕೆ ಬಂದರೆ ಸಿಗುವ ಈ ಊರಿನಲ್ಲಿ ಇರುವುದು ಹೊಸ ಮನೆಗಳು, ಅವುಗಳ ಪಕ್ಕದಲ್ಲಿ ಇನ್ನೂ ಹೊಸ ಮನೆಗಳು, ಅದರಾಚೆ ಮನೆಯಾಗಲು ಕಾಯುತ್ತಿರುವ ಸೈಟುಗಳು. ವರ್ಷದ ಬಹುಪಾಲು ದಿನ ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಇಲ್ಲಿ ಯಾರಾದರೂ ಜಲಪಾತ ನೋಡಿದೆ ಅಂದರೆ ಮೊದಲು ಅವರಿಗೆ ಮಜ್ಜಿಗೆ ಕೊಟ್ಟು ನೆರಳಿನಲ್ಲಿ ಕೂರಿಸಬೇಕು.

ಆದರೆ ಆ ವಾರ ಹಿಮ ಬಿದ್ದಿತ್ತು.

ಟೆಕ್ಸಾಸ್‌ನಲ್ಲಿ ಹಿಮ ಬಿದ್ದರೆ ಏನಾಗುತ್ತದೆ ಅಂತ ಡಲ್ಲಸ್, ಹ್ಯೂಸ್ಟನ್ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಬ್ರೆಡ್ಡು, ಹಾಲು, ಟಾಯ್ಲೆಟ್ ಪೇಪರ್ ಮಾಯವಾಗುತ್ತವೆ. (ಹಿಮಕ್ಕೂ ಟಾಯ್ಲೆಟ್ ಪೇಪರಿಗೂ ಏನು ಸಂಬಂಧ? ಈವರೆಗೆ ಯಾರೂ ಹೇಳಿಲ್ಲ.) ಸ್ಕೂಲು ಬಂದ್. ಆಫೀಸು ಮನೆಯೊಳಗೇ. ನಾವು ನಾಲ್ಕು ಜನ ಒಂದೇ ಹೀಟರಿನ ಸುತ್ತ ಒಬ್ಬರ ಮುಖ ಒಬ್ಬರು ನೋಡುತ್ತಾ, ಕೊನೆಕೊನೆಗೆ ನೋಡದೆ, ದಿನ ಕಳೆದಿದ್ದೆವು. ನಾಲ್ಕು ಜನ ಅಂದರೆ ನಾನು, ಗಂಡ ಮೋಹನ, ಮಗಳು ಅನಿಕಾ, ಮತ್ತು ಧಾರವಾಡದಿಂದ ಬಂದಿದ್ದ ಮೋಹನನ ಚಿಕ್ಕಮ್ಮ ಶಾರದಾ.

ಚಿಕ್ಕಮ್ಮ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ರಿಟೈರ್ ಆದವರು. ಅವರು ಊರು ನೋಡುವ ಕ್ರಮವೇ ಬೇರೆ. ಮಾಲ್ ತೋರಿಸಿದರೆ, ಇಲ್ಲಿ ಮಣ್ಣು ಯಾವುದು ಅಂತ ಕೇಳುತ್ತಾರೆ. ಡೌನ್‌ಟೌನ್‌ಗೆ ಕರೆದುಕೊಂಡು ಹೋದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಸೆರಗು ಹಿಡಿದು ನೋಡುತ್ತಾರೆ. ಬಂದ ಹೊಸತರಲ್ಲಿ ಲಿಯಾಂಡರನ್ನು ಕಾರಿನಲ್ಲಿ ಒಂದು ಸುತ್ತು ಹಾಕಿಸಿದಾಗ ಅವರು ಹೇಳಿದ್ದು ಇಷ್ಟು: "ಮೋಹನಾ, ನಿಮ್ಮ ಊರಾಗ ಗುಡ್ಡ ಇಲ್ಲ, ಹೊಳಿ ಇಲ್ಲ. ನಕಾಶದಾಗ ಏನು ತೋರಸಬೇಕೋ?"

ಮೋಹನನಿಗೆ ಇದು ಚುಚ್ಚಿತು. ಮದುವೆಗೆ ಮುಂಚೆ ರೂಮ್‌ಮೇಟುಗಳ ಜೊತೆ ಒಮ್ಮೆ ಕೊಲೊರಾಡೊಗೆ ಡ್ರೈವ್ ಮಾಡಿದ್ದ. ವಸಂತದಲ್ಲಿ ಅಲ್ಲಿನ ಘಟ್ಟದ ರಸ್ತೆಯಲ್ಲಿ ಹೋದರೆ, ಮೇಲೆ ಹಿಮ ಕರಗಿ ತಿರುವಿಗೊಂದು ಜಲಪಾತ ರಸ್ತೆಯ ಪಕ್ಕಕ್ಕೇ ಬಂದು ಬೀಳುತ್ತದಂತೆ. ಹೆಸರಿಲ್ಲ, ಬೋರ್ಡಿಲ್ಲ, ಮ್ಯಾಪಿನಲ್ಲೂ ಇಲ್ಲ. ಬಿಸಿಲು ಬಲಿತರೆ ಒಂದೂ ಇರುವುದಿಲ್ಲ. ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ನಮ್ಮ ಪ್ರತಿ ಪಾಟ್‌ಲಕ್ಕಿನಲ್ಲೂ ಈ ಕಥೆ ಹೇಳುತ್ತಾನೆ. ಅದನ್ನೇ ಚಿಕ್ಕಮ್ಮನಿಗೂ ಹೇಳಿ, ಮೇ ತಿಂಗಳಲ್ಲಿ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟುಬಿಟ್ಟ.

ಚಿಕ್ಕಮ್ಮನ ವಾಪಸ್ ಟಿಕೆಟ್ ಇದ್ದದ್ದು ಮಾರ್ಚಿಗೆ. ಮಗಳ ಮನೆಯ ಗೃಹಪ್ರವೇಶ, ಮುಂದೆ ಹಾಕುವಂತಿಲ್ಲ. ಮಾತು ಕೊಟ್ಟವನೇ ಟಿಕೆಟ್ ಬುಕ್ ಮಾಡಿದವನೂ ಹೌದು ಅನ್ನುವುದನ್ನು ಚಿಕ್ಕಮ್ಮ ಎತ್ತಿ ಆಡಲಿಲ್ಲ. ಬರೀ ಅವನನ್ನು ನೋಡಿದರು. ಮೂವತ್ತು ವರ್ಷ ಟೀಚರ್ ಆಗಿದ್ದವರು ನೋಡುವ ಹಾಗೆ.

ಹಾಗಾಗಿ ಆ ಶುಕ್ರವಾರ ಮಧ್ಯಾಹ್ನ ಬಿಸಿಲು ಬಂದು ಹಿಮ ಕರಗಲು ಶುರುವಾದಾಗ, ಒದ್ದೆ ಪ್ಯಾಂಟಿನ ಮೋಹನನ ಮುಖದಲ್ಲಿ ಇದ್ದದ್ದು ಬರೀ ಉತ್ಸಾಹವಲ್ಲ. ಬಿಡುಗಡೆ.

ಹೋದೆವು. ಇರುವುದು ಎಷ್ಟು ದೂರ? ನಮ್ಮ ಬಡಾವಣೆ ದಿಬ್ಬದ ಮೇಲಿದೆ. ದಿಬ್ಬದ ಕೆಳಗೆ ಸುಣ್ಣದ ಕಲ್ಲನ್ನು ಕಡಿದು ರಸ್ತೆ ಮಾಡಿದ್ದಾರೆ. ಆ ರಸ್ತೆಯ ಪಕ್ಕಕ್ಕೆ ಎರಡಾಳೆತ್ತರದ ಬಿಳಿ ಕಲ್ಲಿನ ಗೋಡೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ದಿನಾ ಕಾರು ಓಡಿಸಿದ್ದೇನೆ, ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಅವತ್ತು ನೋಡಿದೆ. ಗೋಡೆಯ ಉದ್ದಕ್ಕೂ ನೀರು ಎಳೆ ಎಳೆಯಾಗಿ ಇಳಿಯುತ್ತಿತ್ತು. ನಡುವೆ ಒಂದು ದಪ್ಪ ಧಾರೆ ಕಲ್ಲಿನ ಅಂಚಿನಿಂದ ಹಾರಿ, ಕಲ್ಲನ್ನು ಮುಟ್ಟದೆ ನೇರ ಕೆಳಗೆ ಬೀಳುತ್ತಿತ್ತು. ಹಿಂದೆ ಇನ್ನೂ ಕರಗದ ಹಿಮ, ಮೇಲೆ ಬಿಸಿಲು. ಮೇಲಿನ ನೆಲವೆಲ್ಲ ಸಿಮೆಂಟಿನ ಹಾಗೆ ಹೆಪ್ಪುಗಟ್ಟಿದೆ, ಕರಗಿದ ನೀರು ಇಂಗಲು ಜಾಗವಿಲ್ಲದೆ ಇತ್ತ ಹರಿದು ಬರುತ್ತಿದೆ ಅಂತ ಮೋಹನ ವಿವರಿಸಿದ. ಕಾರುಗಳು ಹಜಾರ್ಡ್ ಲೈಟ್ ಹಾಕಿ ನಿಲ್ಲುತ್ತಿದ್ದವು.

ಚಿಕ್ಕಮ್ಮ ಶಾಲು ಹೊದ್ದು, ಉತ್ತರಪತ್ರಿಕೆ ತಿದ್ದುವವರ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೋಹನ ಉಸಿರು ಹಿಡಿದು ಕಾದ.

"ಎತ್ತರದಿಂದ ನೀರು ನೇರ ಕೆಳಗ ಬಿದ್ರ ಜಲಪಾತ," ಅಂದರು. "ಎಷ್ಟು ಎತ್ತರ ಇರಬೇಕು ಅಂತ ಯಾವ ಪುಸ್ತಕದಾಗೂ ಬರದಿಲ್ಲ. ಇದು ಖರೇನ ಜಲಪಾತ ಅದ."

ಪಾಸ್.

ಸಂತೋಷಕ್ಕೆ ಮೋಹನ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಫೋನನ್ನು ನೆಲಕ್ಕೆ ತಾಗಿಸಿ ಚಿಕ್ಕಮ್ಮನ ಫೋಟೋ ತೆಗೆದ. ನೆಲದಿಂದ ತೆಗೆದರೆ ಏನಾಗುತ್ತದೆ ಗೊತ್ತಲ್ಲ? ಎರಡಾಳೆತ್ತರ ಇಪ್ಪತ್ತಾಳೆತ್ತರ ಆಗುತ್ತದೆ. ಆಸ್ಟಿನ್, ಡಲ್ಲಸ್, ಹ್ಯೂಸ್ಟನ್ ಮೂರೂ ಊರಿನ ಕನ್ನಡದವರಿರುವ ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ. ಕೆಳಗೆ ಬರೆದದ್ದು: ನಮ್ಮ ಮನೆ ಹತ್ತಿರದ ಜಲಪಾತ.

ಗ್ರೂಪು ಎದ್ದು ಕೂತಿತು. ಹ್ಯೂಸ್ಟನ್ನಿನವರು, ನಮ್ಮಲ್ಲಿ ಮಳೆ ಬಂದರೆ ಅಂಡರ್‌ಪಾಸಿಗೊಂದು ಜಲಪಾತ, ಅದಕ್ಕೆ ನಾವು ಫೋಟೋ ಹಾಕಲ್ಲ ಅಂದರು. ಡಲ್ಲಸ್ ಕಡೆಯ ಯೂಲೆಸ್‌ನ ಒಬ್ಬರು ಪಾರ್ಕಿಂಗ್ ಇದೆಯಾ, ರೆಸ್ಟ್‌ರೂಮ್ ಇದೆಯಾ ಅಂತ ಕೇಳಿದರು. ಎತ್ತರ ಎಷ್ಟು ಅಂತ ಮಾತ್ರ ಯಾರೂ ಕೇಳಲಿಲ್ಲ. ಮೋಹನನೂ ಹೇಳಲಿಲ್ಲ.

ಅಷ್ಟರಲ್ಲಿ ವೀಣಾಳ ಮೆಸೇಜು ಬಂತು.

ವೀಣಾ ನನ್ನ ಕಾಲೇಜಿನ ಗೆಳತಿ. ಡಲ್ಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಇರುತ್ತಾಳೆ. ಒಳ್ಳೆಯವಳು, ಆದರೆ ಅವಳ ಹತ್ತಿರ ಎಲ್ಲವೂ ನಮಗಿಂತ ಒಂದು ಕೈ ಮೇಲೆ. ದೇವಸ್ಥಾನ ದೊಡ್ಡದು. ಏರ್‌ಪೋರ್ಟ್ ದೊಡ್ಡದು. ಅಲ್ಲಿನ ಬಾಳೆಲೆ ಕೂಡ ಅಗಲ. ಪ್ರತಿ ಸಲ ನಮ್ಮನೆಗೆ ಬಂದು ಹೋಗುವಾಗ, "ಪಾಪ, ನಿಮಗೆ ಇಲ್ಲಿ ಏನೂ ಸಿಗಲ್ಲ ಅಲ್ವಾ" ಅಂತಾಳೆ. ಅಂಥವಳು ಬರೆದಿದ್ದಳು: ನಮ್ಮ ಅತ್ತೆ ನೋಡಲೇಬೇಕು ಅಂತಿದ್ದಾರೆ, ಭಾನುವಾರ ಬರ್ತೀವಿ.

ಮೊದಲ ಸಲ ನಮ್ಮ ಹತ್ತಿರ ಡಲ್ಲಸ್‌ನಲ್ಲಿ ಇಲ್ಲದ್ದು ಒಂದು ಇತ್ತು. ಖಂಡಿತ ಬನ್ನಿ, ಊಟಕ್ಕೇ ಬನ್ನಿ ಅಂತ ಬರೆದೆ. ಯೋಚಿಸಿದೆನಾ? ಇಲ್ಲ.

ಯೋಚನೆ ಬಂದದ್ದು ಶನಿವಾರ ಬೆಳಿಗ್ಗೆ. ಕಿಟಕಿ ತೆಗೆದರೆ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ಹಿತವಾದ ಬಿಸಿಲು. ಎದುರು ಮನೆಯ ಹುಡುಗರು ಚಡ್ಡಿಯಲ್ಲಿ ಆಡುತ್ತಿದ್ದರು. ಹಿಮದ ಗುರುತೇ ಇಲ್ಲ. ಕೊಲೊರಾಡೊದಲ್ಲಿ ಹಿಮ ಕರಗಲು ತಿಂಗಳುಗಳು ಬೇಕು, ಟೆಕ್ಸಾಸ್‌ನಲ್ಲಿ ಊಟಕ್ಕೆ ಶುರುವಾದರೆ ಸಂಜೆ ಕಾಫಿಗೆ ಮುಗಿಯುತ್ತದೆ. ಹಿಮವೇ ಇಲ್ಲದ ಮೇಲೆ ನೀರೆಲ್ಲಿಂದ? ವೀಣಾಳಿಗೆ ಫೋನ್ ಮಾಡಿ ಬರಬೇಡಿ ಅನ್ನಬೇಕು. ಅಂದರೆ ಅವಳು ಪಾಪ ಅನ್ನುತ್ತಾಳೆ. ಆ ಪಾಪವನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಸಂಜೆ ಹೋಗಿ ನೋಡಿದೆವು. ಎಳೆಗಳೆಲ್ಲ ಒಣಗಿದ್ದವು. ನಡುವಿನ ಧಾರೆ ಮಾತ್ರ ನಿನ್ನೆಗಿಂತ ದಪ್ಪವಾಗಿ ಬೀಳುತ್ತಿತ್ತು.

ನನಗೆ ಕಣ್ಣಲ್ಲಿ ನೀರು ಬಂತು. ಸುಣ್ಣದ ಕಲ್ಲು ಸ್ಪಾಂಜ್ ಇದ್ದ ಹಾಗೆ, ನೀರು ಹೀರಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ, ಇದು ಸೈನ್ಸ್ ಅಂತ ಮೋಹನ ಹೇಳಿದ. ನಾನು ತಕ್ಷಣ ನಂಬಿದೆ. ನಮಗೆ ಬೇಕಾದದ್ದನ್ನೇ ಹೇಳುವ ಸೈನ್ಸನ್ನು ಯಾರು ಪ್ರಶ್ನಿಸುತ್ತಾರೆ?

ಚಿಕ್ಕಮ್ಮ ಪ್ರಶ್ನಿಸಿದರು. ಜೋರಾಗಿ ಅಲ್ಲ. "ಹಿಮ ಎಲ್ಲೆ ಅದ?" ಅಂತ ತಮಗೆ ತಾವೇ ಕೇಳಿಕೊಂಡು ದಿಬ್ಬದ ಮೇಲೆ ಕಣ್ಣು ಹಾಯಿಸಿದರು. ನಾವು ಅವರನ್ನು ಬೇಗ ಬೇಗ ಕಾರು ಹತ್ತಿಸಿದೆವು.

ಭಾನುವಾರ ಬೆಳಿಗ್ಗೆ ಜಲಪಾತ ಊರಿಗೇ ಹಬ್ಬವಾಗಿತ್ತು. ಬಡಾವಣೆಯವರು ಮಡಚುವ ಕುರ್ಚಿ ತಂದು ಹಾಕಿಕೊಂಡಿದ್ದರು. ನಾಯಿಗಳು ಬಂದಿದ್ದವು. ಒಂದು ಜೋಡಿ ಎಂಗೇಜ್‌ಮೆಂಟ್ ಫೋಟೋ ಶೂಟಿಗೆ ಬಂದಿತ್ತು. ಹುಡುಗಿ ನೆಲ ಗುಡಿಸುವಷ್ಟು ಉದ್ದದ ಗೌನು ಹಾಕಿ ಧಾರೆಯ ಮುಂದೆ ನಿಂತಿದ್ದಳು. ಹಿಂದೆ ಕಾಣುವ ಸ್ಪೀಡ್ ಲಿಮಿಟ್ ಬೋರ್ಡಿಗೆ ಫೋಟೋಗ್ರಾಫರ್ ತನ್ನ ಜಾಕೆಟ್ ನೇತುಹಾಕಿದ್ದ.

ನಾನು ಮನೆಯಲ್ಲಿ ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕುತ್ತಿದ್ದೆ. ಚಿಕ್ಕಮ್ಮ ವಾಕಿಂಗ್ ಅಂತ ಅನಿಕಾಳನ್ನು ಕರೆದುಕೊಂಡು ಹೊರಟಿದ್ದರು. ರಸ್ತೆಗಲ್ಲ, ದಿಬ್ಬದ ಅಂಚಿನ ಕಾಲುಹಾದಿಗೆ. ಅದು ನನಗೆ ಆಮೇಲೆ ಗೊತ್ತಾದದ್ದು. ಜಲಪಾತ ಇದ್ದರೆ ಅದಕ್ಕೊಂದು ಹೊಳೆ ಇರಬೇಕು, ಹೊಳೆ ಇದ್ದರೆ ಉಗಮ ಇರಬೇಕು ಅಂತ ಮೊಮ್ಮಗಳಿಗೆ ಪಾಠ ಹೇಳುತ್ತಾ, ನೀರು ಬರುವ ದಾರಿಯಲ್ಲಿ ಗಿಡಗಳ ನಡುವೆ ಸೀರೆ ಎತ್ತಿ ಹಿಡಿದು ಹತ್ತಿದ್ದರಂತೆ.

ಫೋನು ಬಂತು. ಚಿಕ್ಕಮ್ಮ.

"ಉಗಮ ಸಿಕ್ತವಾ," ಅಂದರು.

ಹಿಂದಿನಿಂದ ಅನಿಕಾ: "ಅಮ್ಮಾ, ಇಟ್ಸ್ ಗ್ಯಾರಿ ಅಂಕಲ್ಸ್ ಸ್ಪ್ರಿಂಕ್ಲರ್."

ಗ್ಯಾರಿ ನಮ್ಮ ಬೀದಿಯ ಕೊನೆಯ ಮನೆಯವರು. ಒಬ್ಬರೇ ಇರುವುದು. ಥಂಡಿ ಶುರುವಾಗುವ ಮುಂಚೆ ಹ್ಯೂಸ್ಟನ್ನಿನ ಮಗಳ ಮನೆಗೆ ಹೋಗಿದ್ದವರು ಆಗಷ್ಟೇ ಬಂದು ಕಾರಿನಿಂದ ಇಳಿದಿದ್ದರು. ಲಾನಿಗೆ ನೀರು ಹಾಯಿಸುವ ಪೈಪು ಹಿಮಕ್ಕೆ ಒಡೆದು, ಒಳಗಿನ ಐಸು ಕರಗಿದ್ದೇ ನೀರು ನುಗ್ಗಿ, ಅವರ ಹಿತ್ತಲು ನಾಟಿಗೆ ಬಿಟ್ಟ ಗದ್ದೆಯ ಹಾಗಾಗಿತ್ತು. ಬೇಲಿಯ ಬುಡದಲ್ಲಿ ನೀರು ಕಾಲುವೆ ತೋಡಿಕೊಂಡು ದಿಬ್ಬದ ಅಂಚಿಗೆ ಹರಿಯುತ್ತಿತ್ತು. ಬೇಲಿಯ ಈಚೆ ಚಿಕ್ಕಮ್ಮ, ಆಚೆ ಸ್ಪ್ಯಾನರ್ ಹಿಡಿದ ಗ್ಯಾರಿ, ನಡುವೆ ಅನುವಾದಕಿ ಅನಿಕಾ.

ಶುಕ್ರವಾರದ ನೀರು ಹಿಮದ್ದೇ. ಅದರಲ್ಲಿ ಅನುಮಾನವಿಲ್ಲ. ಶನಿವಾರದಿಂದ ಮಾತ್ರ ನಾವೆಲ್ಲ ಕುರ್ಚಿ ಹಾಕಿಕೊಂಡು ನೋಡುತ್ತಿದ್ದದ್ದು ಗ್ಯಾರಿಯ ಲೀಕೇಜನ್ನು.

ಒಗ್ಗರಣೆ ಸೀಯಿತು. ಫೋನ್ ಇಡುವಷ್ಟರಲ್ಲಿ ಇನ್ನೊಂದು ಕಾಲ್. ವೀಣಾ. ಜಾರ್ಜ್‌ಟೌನ್ ದಾಟಿದ್ದೇವೆ, ಅತ್ತೆ ಜಲಪಾತಕ್ಕೆ ಅಂತ ರೇಷ್ಮೆ ಸೀರೆ ಉಟ್ಟಿದ್ದಾರೆ, ಇನ್ನು ಅರ್ಧ ಗಂಟೆ ಅಷ್ಟೇ.

ನಾನೂ ಮೋಹನನೂ ಗ್ಯಾರಿಯ ಮನೆಗೆ ಓಡಿದೆವು. ದಾರಿಯಲ್ಲಿ ಮೋಹನನ ವಾದ: ಅರ್ಧ ಗಂಟೆ, ಬರೀ ಅರ್ಧ ಗಂಟೆ ಪೈಪನ್ನು ಹಾಗೇ ಬಿಡಲು ಗ್ಯಾರಿಯನ್ನು ಕೇಳೋಣ. ನಿಜ ಹೇಳುತ್ತೇನೆ, ನನಗೂ ಅದೇ ಬೇಕಿತ್ತು.

ಗ್ಯಾರಿ ಬೇಲಿಯಿಂದ ಬಗ್ಗಿ ಕೆಳಗೆ ನೋಡುತ್ತಿದ್ದರು. ಕಾರುಗಳು, ಕುರ್ಚಿಗಳು, ನಾಯಿಗಳು, ಗೌನು. ಅದೆಲ್ಲ ನನ್ನದಾ ಅಂತ ಕೇಳಿದರು. ದನಿಯಲ್ಲಿ ಸಂಕಟ ಇತ್ತು, ಆದರೆ ಸ್ವಲ್ಪ ಹೆಮ್ಮೆಯೂ ಇತ್ತು ಅಂತ ನನ್ನ ಗುಮಾನಿ. ನಮ್ಮ ಅರ್ಜಿ ಕೇಳಿ, ಏನು ಮಾಡೋಣ ಅನ್ನುವ ಹಾಗೆ ಚಿಕ್ಕಮ್ಮನ ಕಡೆ ತಿರುಗಿದರು. ಅಷ್ಟು ಹೊತ್ತಿಗಾಗಲೇ ಅಲ್ಲಿ ಯಾರು ಹೆಡ್‌ಮಿಸ್ಟ್ರೆಸ್ ಅನ್ನುವುದು ತೀರ್ಮಾನವಾಗಿತ್ತು.

"ಮದ್ಲ ಬಂದ್ ಮಾಡಸು," ಅಂದರು ಚಿಕ್ಕಮ್ಮ ಮೋಹನನಿಗೆ. "ಕುಡಿಯೋ ನೀರು ಹಿಂಗ ಹರದು ಹೋಗೂದು ನೋಡ್ಕೋತ ನಿಂದ್ರಲಿಕ್ಕೆ ನನಗ ಆಗೂದಿಲ್ಲ. ಧಾರವಾಡದಾಗ ಎಂಟೆಂಟು ದಿನ ನಳದ ನೀರಿನ ಹಾದಿ ಕಾದೀವಿ ನಾವು."

ಅನಿಕಾ ಅದನ್ನು ಒಂದೇ ಶಬ್ದಕ್ಕೆ ಇಳಿಸಿ ಗ್ಯಾರಿಗೆ ಹೇಳಿದಳು. ಗ್ಯಾರಿ ಸ್ಪ್ಯಾನರ್ ಹಾಕಿ ನೀರಿನ ವಾಲ್ವು ತಿರುಗಿಸಿದರು.

ಮೇಲಿನಿಂದಲೇ ನೋಡಿದೆವು. ಧಾರೆ ಸಣ್ಣಗಾಯಿತು, ಎಳೆಯಾಯಿತು, ಹನಿಯಾಯಿತು, ನಿಂತಿತು. ಕೆಳಗೆ ಗೌನಿನ ಹುಡುಗಿ ಹುಡುಗನ ಕೊರಳಿಗೆ ಕೈ ಹಾಕಿ ಹಿಂದಕ್ಕೆ ಬಾಗಿದವಳು ಬಾಗಿಯೇ ಇದ್ದಳು. ಫೋಟೋಗ್ರಾಫರ್ ಮೊದಲು ಕ್ಯಾಮೆರಾ ನೋಡಿದ. ಆಮೇಲೆ ಆಕಾಶ ನೋಡಿದ.

ವೀಣಾಳ ಕಾರು ಬಂದು ನಿಂತಾಗ ಅಲ್ಲಿದ್ದದ್ದು ಒದ್ದೆ ಕಲ್ಲು, ಇನ್ನೂ ಎದ್ದು ಹೋಗದ ಜನ, ಮತ್ತು ನಾವು. ಅವಳ ಅತ್ತೆ ಜಯಲಕ್ಷ್ಮಮ್ಮ ಮೈಸೂರಿನವರು, ತೆಳ್ಳಗೆ, ಸಣ್ಣ ದನಿಯವರು. ಮೂರು ಗಂಟೆಗೂ ಹೆಚ್ಚು ಹೊತ್ತು ಕಾರಿನಲ್ಲಿ ಕೂತು ಬಂದವರು ಸೀರೆಯ ನೆರಿಗೆ ಸರಿಮಾಡಿಕೊಂಡು ಇಳಿದು, ಅತ್ತಿತ್ತ ನೋಡಿ, "ಎಲ್ಲಿ?" ಅಂದರು.

ವೀಣಾ ಗೋಡೆಯನ್ನು ನೋಡಿದಳು. ನನ್ನನ್ನು ನೋಡಿದಳು. "ಬಂಡೆ ಚೆನ್ನಾಗಿದೆ ಕಣೇ," ಅಂದಳು.

ಇದಕ್ಕಿಂತ ಪಾಪ ಅಂದಿದ್ದರೇ ಚೆನ್ನಾಗಿತ್ತು.

ಮೋಹನ ಸ್ಪಾಂಜಿನ ಸೈನ್ಸು ಶುರುಮಾಡಲು ಬಾಯಿ ತೆಗೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹಿಮ, ಪೈಪು, ಗ್ಯಾರಿ, ನೆಲಕ್ಕೆ ಕೂತು ತೆಗೆದ ಫೋಟೋ. ಜಯಲಕ್ಷ್ಮಮ್ಮ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ.

"ನಂಗೇನೂ ಹೊಸದಲ್ಲ ಬಿಡಮ್ಮ," ಅಂದರು. "ಮದುವೆಯಾದ ವರ್ಷ ಜೋಗಕ್ಕೆ ಕರ್ಕೊಂಡು ಹೋಗಿದ್ರು. ಅವತ್ತು ಮೇಲೆ ಡ್ಯಾಮಿಂದ ನೀರೇ ಬಿಟ್ಟಿರ್ಲಿಲ್ಲ. ಅಲ್ಲೂ ಬಂಡೆನೇ ನೋಡ್ಕೊಂಡು ಬಂದೆ."

ಇದನ್ನು ಅವರು ನಗುತ್ತಲೇ ಹೇಳಿದರು. ಆದರೆ ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ಒಂದು ಜನ್ಮದಲ್ಲಿ ಎಷ್ಟು ಸಲ ಬಂಡೆ ನೋಡಬೇಕು ಒಬ್ಬರು?

ಚಿಕ್ಕಮ್ಮ ಕತ್ತೆತ್ತಿ ಗ್ಯಾರಿಯ ಬೇಲಿ ನೋಡಿದರು. ಆಮೇಲೆ ಅನಿಕಾಳನ್ನು ಕರೆದು, ರಿಪೇರಿ ಮಾಡುವ ಮುಂಚೆ ಪೈಪು ಎಲ್ಲಿ ಒಡೆದಿದೆ ಅಂತ ನೋಡಲು ಗ್ಯಾರಿ ಒಮ್ಮೆ ನೀರು ಬಿಡಲೇಬೇಕಲ್ಲ, ಹೋಗಿ ಕೇಳು ಅಂದರು. ಅನಿಕಾ ಓಡಿ ಹೋಗಿ ಓಡಿ ಬಂದಳು. ಬಿಡಲೇಬೇಕಂತೆ.

"ಹಂಗಿದ್ರ ಬಿಡ್ರಿ. ಆದ್ರ ಒಂದು ಹನಿ ನೆಲಕ್ಕ ಬೀಳಬಾರದು. ಎಲ್ಲಾರೂ ಕೊಡ ತರ್ರಿ."

ಲಿಯಾಂಡರ್‌ನಲ್ಲಿ ಕೊಡ ಎಲ್ಲಿಂದ ಬರಬೇಕು? ಆದರೆ ಬೀದಿಯಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಪೈಪು ಒಡೆದು ನೀರು ಬಂದ್ ಆಗಿತ್ತು, ಫ್ಲಶ್ ಮಾಡುವುದಕ್ಕೂ ಗತಿ ಇರಲಿಲ್ಲ. ಸುದ್ದಿ ಹೋದದ್ದೇ ತಡ, ಜನ ಸಿಕ್ಕಿದ್ದನ್ನು ಹಿಡಿದು ಬಂದರು. ಬಕೆಟ್ಟು, ಕಸದ ಡಬ್ಬ, ಮಗುವಿನ ಸ್ನಾನದ ಟಬ್ಬು, ಬಿಯರಿನ ಕೂಲರು. ನಾನು ಹಬ್ಬದ ಅಡುಗೆಯ ದೊಡ್ಡ ಪಾತ್ರೆ ತಂದೆ. ಫೋಟೋಗ್ರಾಫರ್ ತನ್ನ ಕ್ಯಾಮೆರಾ ಪೆಟ್ಟಿಗೆ ಖಾಲಿ ಮಾಡಿ ನಿಂತ. ಚಿಕ್ಕಮ್ಮ ಎಲ್ಲರನ್ನೂ ಕಲ್ಲಿನ ಬುಡದಲ್ಲಿ ಸಾಲಾಗಿ ನಿಲ್ಲಿಸಿದರು. ಎತ್ತರದ ಪ್ರಕಾರ.

ಮೇಲೆ ಗ್ಯಾರಿ ಸ್ಪ್ಯಾನರ್ ಬೀಸಿ ಸಿಗ್ನಲ್ ಕೊಟ್ಟರು.

ಏನೂ ಬರಲಿಲ್ಲ. ನೀರು ಹಿತ್ತಲಿನಿಂದ ಅಂಚಿಗೆ ಬರಬೇಕಲ್ಲ? ಅಷ್ಟೂ ಜನ ತಲೆ ಎತ್ತಿ ಕಾದೆವು. ನಾಯಿಗಳೂ ಕಾದವು. ಆಮೇಲೆ ಅಂಚಿನಲ್ಲಿ ಒಂದು ಹನಿ ಮಿನುಗಿತು. ಹಿಂದೆಯೇ ಧಾರೆ ಹಾರಿ ಬಂತು, ಬಿಸಿಲಿಗೆ ಹೊಳೆಯುತ್ತಾ, ಬಕೆಟ್ಟಿನೊಳಗೆ ಢಬಢಬ ಅಂತ.

ಜಯಲಕ್ಷ್ಮಮ್ಮ ರೇಷ್ಮೆ ಸೀರೆಯಲ್ಲೇ ಮುಂದೆ ಹೋಗಿ, ಎರಡೂ ಕೈ ಒಡ್ಡಿ, ನೀರು ತಲೆಗೆ ಹಾಕಿಕೊಂಡರು. ಇನ್ನೊಂದು ಬೊಗಸೆ ಹಿಡಿದರು. ಚಿಕ್ಕಮ್ಮ ಅವರ ಸೆರಗು ಒದ್ದೆಯಾಗದ ಹಾಗೆ ಹಿಂದಿನಿಂದ ಎತ್ತಿ ಹಿಡಿದಿದ್ದರು.

ವೀಣಾ ಫೋಟೋ ತೆಗೆಯುತ್ತಿದ್ದಳು. ನೆಲಕ್ಕೆ ಕೂತು. "ಇನ್ನೂ ಸ್ವಲ್ಪ ಫೋರ್ಸ್ ಮಾಡೋಕೆ ಹೇಳೇ," ಅಂದಳು. ಅನಿಕಾ ಮೇಲೆ ಕೂಗಿ ಹೇಳಿದಳು, ಗ್ಯಾರಿ ಫೋರ್ಸ್ ಹೆಚ್ಚಿಸಿದರು.

ಪಾತ್ರೆಗಳು ತುಂಬಿದ ಮೇಲೆ ಚಿಕ್ಕಮ್ಮ ಕೈ ಎತ್ತಿದರು. ಜಲಪಾತ ನಿಂತಿತು. ಜನ ಚಪ್ಪಾಳೆ ತಟ್ಟಿದರು, ಗ್ಯಾರಿ ಬೇಲಿಯಿಂದ ಬಗ್ಗಿ ನಮಸ್ಕರಿಸಿದರು. ಊಟಕ್ಕೂ ಬಂದರು. ಒಗ್ಗರಣೆ ಸೀದ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು, ಇದರಲ್ಲಿ ಬಾರ್ಬೆಕ್ಯೂ ಹೊಗೆಯ ಘಮ ಇದೆ, ಇದೇ ಇದರ ಗುಟ್ಟಾ ಅಂತ ಕೇಳಿದರು. ನಾನು ಹೌದು ಅಂದೆ. ವೀಣಾ ಹೊರಡುವಾಗ ಕಾರಿನ ಕಿಟಕಿ ಇಳಿಸಿ, ಡಲ್ಲಸ್‌ನಲ್ಲಿ ಇಂಥದ್ದೆಲ್ಲ ಸಿಗಲ್ಲ ಅಂದಳು. ಅದನ್ನು ಅವಳು ಹೇಗೆ ಹೇಳಿದಳೋ, ನಾನು ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಸೋಮವಾರ ಚಿಕ್ಕಮ್ಮ ಧಾರವಾಡದ ಮಗಳಿಗೆ ವಿಡಿಯೋ ಕಾಲ್ ಮಾಡಿ ಇಲ್ಲಿನ ಸಮಾಚಾರ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ.

"ಈ ದೇಶ ಭಾಳ ಮುಂದುವರದದವಾ," ಅಂದರು. "ಇಲ್ಲೆ ಜಲಪಾತಕ್ಕೂ ನಳಾ ಇರ್ತದ."

ತಿದ್ದೋಣ ಅಂತ ಬಾಯಿ ತೆಗೆದೆ. ನೀವೇ ಹೇಳಿ, ಇದರಲ್ಲಿ ತಿದ್ದುವುದಕ್ಕೆ ಏನಿದೆ?